ಅರ್ಧಕ್ಕೆ ನಿಂತ ಪದ್ಮಿನಿ

ಫೈನಾನ್ಸ್ ಇಲ್ಲದೆ ಚಿತ್ರ ನಿಂತರೆ ರೀಲು ಡಬ್ಬ ಸೇರುತ್ತೆ. ನನ್ನದು ದುಡ್ಡಿದ್ದೂ ನಿಂತಿತು! ಅಪ್ಪ ಟ್ಯಾಕ್ಸಿ ಓಡಿಸಿದ 1978ರ ಪ್ರೀಮಿಯರ್ ಪದ್ಮಿನಿ, 1089 ಸಿ.ಸಿ. ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಒಂದೇ ಭಾನುವಾರ ಎಲ್ಲ ಬಿಚ್ಚಿ ಗುಡ್ಡೆ ಹಾಕಿದೆ. ಭಾರೀ ಹೀರೋ! ಮ್ಯಾಟ್ ಎತ್ತಿದರೆ ತಳವೆಲ್ಲ ತುಕ್ಕು. ಈ ಗಾಡಿಗೆ ಬೇರೆ ಛಾಸಿ ಇಲ್ಲ, ತಳವೇ ಬೆನ್ನೆಲುಬು. ಬೋಲ್ಟುಗಳಿಗೆ ಚೀಟಿ ಅಂಟಿಸಿರಲಿಲ್ಲ, ಯಾವುದು ಎಲ್ಲಿಯದೋ... ಎರಡು ವರ್ಷ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. "ಎಲ್ಲಿಗೆ ಬಂತೋ?" ಅಂತ ಅಪ್ಪ ದಿನಾ ಕೇಳೋರು. ಒಂದಿನ ಕೇಳೋದೂ ಬಿಟ್ಟರು. ಅದು ಚುಚ್ಚಿತು ಗುರೂ!

ಈಗ ವಾರಕ್ಕೊಂದೇ ಕೆಲಸ. ತಳಕ್ಕೆ ಹೊಸ ತಗಡು ವೆಲ್ಡಿಂಗ್ ಆಯ್ತು. ಹೋದ ವಾರ ಡ್ರೈವರ್ ಕಡೆ ಬಾಗಿಲು ಕೂಡಿಸಿದೆ. ಅಪ್ಪ ಬಂದರು, ತೆಗೆದು ಮುಚ್ಚಿದರು, ಶಬ್ದ ಕೇಳಿದರು, ಇನ್ನೊಮ್ಮೆ ಮುಚ್ಚಿದರು.