ಕಪ್ಪು ಪರದೆಗೆ ಒತ್ತಕ್ಷರ ಬೇಡವೇ?

ಯೂನಿಕ್ಸ್ ಜಾತಿಯ ಲಿನಕ್ಸ್ ಕಂಪ್ಯೂಟರಿನಲ್ಲಿ ಬರೀ ಅಕ್ಷರ ಮೂಡುವ ಕಪ್ಪು ಪರದೆಯೊಂದಿದೆ, ಕನ್ಸೋಲ್ ಎನ್ನುತ್ತಾರೆ. ಅಕ್ಷರಕ್ಕೇಕೆ ಸೂಕ್ಷ್ಮ ಗ್ರಾಫಿಕ್ಸ್ ಎಂದು ಬಲ್ಲವರು ಕೇಳುತ್ತಾರೆ. ಯಾರ ಅಕ್ಷರ, ಸ್ವಾಮಿ? 1987ರ ವಿಜಿಎ ಪರದೆಯಲ್ಲಿ ಸಾಲಿಗೆ 80ರಂತೆ 25 ಸಾಲು. ಒಂದೊಂದು ಅಕ್ಷರಕ್ಕೆ 9 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಗೂಡು. ಇಂಗ್ಲಿಷಿನ 26 ಅಕ್ಷರ ಅಲ್ಲಿ ಹಾಯಾಗಿ ಕೂರುತ್ತವೆ. ನಮ್ಮ ‘ಸ್ತ್ರೀ’ ಕೂತಾಳೆಯೇ? ಸಕಾರಕ್ಕೆ ಗುಡಿಸು, ಕೆಳಗೆ ತಕಾರದ ಒತ್ತು, ಅದಕ್ಕೊಂದು ರಕಾರದ ಒತ್ತು, ಪಕ್ಕದಲ್ಲಿ ದೀರ್ಘ ಬೇರೆ!

ಚುಕ್ಕಿ ಹೆಚ್ಚಿದರಷ್ಟೇ ಸಾಲದು, ನಿಜ. ಫ್ರೇಮ್‌ಬಫರ್ ಬಂದು ಚುಕ್ಕಿ ಹೆಚ್ಚಿದ ಮೇಲೂ ಆ ಕನ್ಸೋಲಿನ ಫಾಂಟು 512 ಅಕ್ಷರರೂಪ ದಾಟಿಲ್ಲ. ಒತ್ತು ಕೂಡಿಸುವ ಬುದ್ಧಿಯೂ ಅದಕ್ಕಿಲ್ಲ. ಆದರೆ ಗೂಡೇ ಕಿರಿದಾದರೆ ಒತ್ತಿಗೆ ಜಾಗವೆಲ್ಲಿ? ನನ್ನ ತರಗತಿಯ ಹುಡುಗಿ ಫೈಲಿಗೆ ಕನ್ನಡದಲ್ಲಿ ತನ್ನ ಹೆಸರಿಟ್ಟರೆ ಅಲ್ಲಿ ಅರ್ಥವಿಲ್ಲದ ಗುರುತುಗಳು ಸಾಲುಗಟ್ಟುತ್ತವೆ. ಬೇಡವೆನ್ನುವವರು ಅವಳೆದುರು ನಿಂತು ಹೇಳಲಿ.