ಪಂಜು ಹಚ್ಚಬೇಕೆ, ಬೇಡವೆ?

ಕಳೆದ ತಿಂಗಳ ಒಂದು ಭಾನುವಾರ ನಮ್ಮ ಬೀದಿಯ ತಾಯಿಯೊಬ್ಬರು ಮಗನ ಗಣಿತದ ನೋಟ್‌ಬುಕ್ ಹಿಡಿದುಕೊಂಡು ಮನೆಗೆ ಬಂದರು. ಹಿಂದಿನಿಂದ ತಿರುವಿದರೆ ಎರಡು ಪುಟದ ತುಂಬ ವಿಡಿಯೋ ಗೇಮಿನ ನಿಯಮಗಳು! 'ಈ ಸಲ ಎಸ್ಸೆಸ್ಸೆಲ್ಸಿ ಸಾರ್. ಆಟ ಬಿಡಿಸಿದ್ದಾಯಿತು, ಈಗ ಇದು ಶುರುವಾಗಿದೆ. ನೀವೇ ಸ್ವಲ್ಪ ಬುದ್ಧಿ ಹೇಳಿ' ಎಂದರು. ಹುಡುಗ ಅವರ ಹಿಂದೆ ತಲೆ ತಗ್ಗಿಸಿ ನಿಂತಿದ್ದ.

ಅವನ ಚಿಕ್ಕಪ್ಪ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದ ಆಟ 'ಡಂಜನ್ ಕೀಪರ್'. ಇಂಗ್ಲೆಂಡಿನ ಬುಲ್‌ಫ್ರಾಗ್ ಸಂಸ್ಥೆ 1997ರಲ್ಲಿ ಹೊರತಂದದ್ದು. ಪೀಟರ್ ಮಾಲಿನ್ಯೂ ಅದರ ಮುಖ್ಯ ರೂವಾರಿ. ಇಲ್ಲಿ ಆಟಗಾರ ವೀರನಲ್ಲ, ನೆಲಮಾಳಿಗೆಯ ಒಡೆಯ. ಪುಟ್ಟ ಕೂಲಿಗಳಿಂದ ಸುರಂಗ ತೋಡಿಸಬೇಕು, ಮಲಗುವ ಜಾಗ, ಊಟಕ್ಕೆ ಕೋಳಿಗಳ ಕೋಣೆ ಕಟ್ಟಿ ವಿಚಿತ್ರ ಜೀವಿಗಳನ್ನು ಕರೆಸಿಕೊಳ್ಳಬೇಕು, ಸಂಬಳದ ದಿನ ಚಿನ್ನ ಎಣಿಸಬೇಕು. ನಿಧಿಗಾಗಿ ಮೇಲಿನಿಂದ ನುಗ್ಗುವ ವೀರರನ್ನು ತಡೆಯಬೇಕು.

ಹುಡುಗ ಹತ್ತು ಹೊಸ ಸಲಹೆ ಬರೆದಿದ್ದ. ದೊಡ್ಡ ಫಿರಂಗಿ, ಎಂದೂ ಗುರಿ ತಪ್ಪದ ಬೋನು, ಸಾಯದ ರಾಕ್ಷಸ... ಒಂಬತ್ತೂ ಇದೇ ಜಾತಿ. ನಾನು ಕೇಳಿದೆ: 'ಫಿರಂಗಿ ಸಿಕ್ಕಿದ ಮೇಲೆ ಅದನ್ನು ಬೇಡ ಎನ್ನುವವರು ಯಾರಾದರೂ ಇದ್ದಾರೆಯೇ?' 'ಯಾರೂ ಇಲ್ಲ ಅಂಕಲ್.' 'ಹಾಗಾದರೆ ಆಟಗಾರ ಯೋಚಿಸುವುದು ಏನನ್ನು?' ಅವನು ಸುಮ್ಮನಾದ.

ಇಡೀ ವಿಷಯದ ತಿರುಳು ಇಷ್ಟೆ. ಒಳ್ಳೆಯ ನಿಯಮ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುತ್ತದೆ. ಡಂಜನ್ ಕೀಪರ್‌ನಲ್ಲಿ ಸೋಮಾರಿ ಜೀವಿಗೆ ಒಂದೇಟು ಕೊಟ್ಟರೆ ಅದು ಚುರುಕಾಗಿ ದುಡಿಯುತ್ತದೆ, ಆದರೆ ಅದರ ಆರೋಗ್ಯ ಕುಂದುತ್ತದೆ. ನೊಣ, ಜೇಡ ಎರಡೂ ಉಪಯೋಗಕ್ಕೆ ಬರುತ್ತವೆ, ಆದರೆ ಒಂದಕ್ಕೊಂದು ಆಗದು. ಹೊಡೆಯಲೇ ಬೇಡವೇ, ಒಟ್ಟಿಗೆ ಇಡಲೇ ಬೇಡವೇ ಎಂದು ಪ್ರತಿಸಲ ತೂಗಿ ನೋಡಬೇಕು. ಅದೇ ತಂತ್ರ.

ಹುಡುಗನ ಹತ್ತನೆಯ ಸಲಹೆ ಈ ಪರೀಕ್ಷೆಯಲ್ಲಿ ಪಾಸಾಯಿತು: 'ಸುರಂಗದಲ್ಲಿ ಕತ್ತಲೆ. ಪಂಜು ಹಚ್ಚಿದ ಕಡೆ ಬೋನಿನ ಗುರಿ ತಪ್ಪುವುದಿಲ್ಲ. ಆದರೆ ಪಂಜು ದಾಳಿಕೋರರಿಗೂ ದೂರದಿಂದಲೇ ಕಾಣುತ್ತದೆ.'

ಪರೀಕ್ಷಿಸಲು ಕಂಪ್ಯೂಟರ್ ಬೇಕಿಲ್ಲ. ಚೌಕುಳಿ ಹಾಳೆಯ ಮೇಲೆ ಕವಲೊಡೆದ ಸುರಂಗ ಬರೆದೆವು. ಎರಡು ದಾರಿಯೂ ನಿಧಿಗೆ ಸೇರುತ್ತವೆ. ಹನ್ನೆರಡು ಹುಣಸೆ ಬೀಜ ದಾಳಿಕೋರರು. ಬೋನುಗಳ ಜಾಗವನ್ನು ಹುಡುಗ ಗುಟ್ಟಾಗಿ ಬೇರೆ ಚೀಟಿಯಲ್ಲಿ ಬರೆದಿಟ್ಟುಕೊಂಡ. ಕತ್ತಲೆಯಲ್ಲಿ ಬೋನಿಗೆ ಸಿಕ್ಕಿತೇ ಇಲ್ಲವೇ ಎನ್ನಲು ಒಂದು ಕವಡೆ. ಅಷ್ಟರಲ್ಲಿ ಹೆಂಡತಿಯನ್ನು ಹುಡುಕಿಕೊಂಡು ಬಂದ ಅವರ ಯಜಮಾನರೇ ದಾಳಿಕೋರರಾದರು!

ಮೊದಲ ಆಟದಲ್ಲಿ ಹುಡುಗ ಎಡದಾರಿಯಲ್ಲಿ ಪಂಜು ಹಚ್ಚಿ ಬೋನುಗಳನ್ನೆಲ್ಲ ಅಲ್ಲೇ ಇಟ್ಟ. ಅಪ್ಪ ಬೆಳಕು ಕಂಡವರೇ ಬಲಕ್ಕೆ ತಿರುಗಿ ಹನ್ನೆರಡೂ ಬೀಜ ದಾಟಿಸಿದರು. ಹುಡುಗನ ಮುಖ ಸಣ್ಣದಾಯಿತು. ಎರಡನೆಯ ಆಟದಲ್ಲೂ ಪಂಜು ಎಡಕ್ಕೇ. ಅಪ್ಪ ಮತ್ತೆ ಬಲಕ್ಕೆ ಹೊರಟರು, ಕವಡೆ ಉರುಳಿತು, ಏಳು ಬೀಜ ಬಿದ್ದವು! ಈ ಸಲ ಎಡದಾರಿಯಲ್ಲಿ ಒಂದು ಬೋನೂ ಇರಲಿಲ್ಲ, ಪಂಜೇ ಮೋಸ. ಆ ಉಪಾಯ ನೋಟ್‌ಬುಕ್ಕಿನಲ್ಲಿ ಎಲ್ಲೂ ಬರೆದಿರಲಿಲ್ಲ. ನಿಯಮ ಜೀವಂತವಾಗಿದ್ದರೆ ಬರೆದವನಿಗೂ ತಿಳಿಯದ್ದು ಹೀಗೆ ಹೊರಬರುತ್ತದೆ. ಮೂರನೆಯ ಆಟದಲ್ಲಿ ಅಪ್ಪ ಕವಲಿನ ಬಳಿ ಐದು ನಿಮಿಷ ಕುಳಿತು ಯೋಚಿಸಿದರು.

ವಿದ್ಯಾರ್ಥಿ ಮಿತ್ರರೇ, ನೀವೂ ಪ್ರಯತ್ನಿಸಿ. ತಪ್ಪಿಸಿಕೊಂಡ ದಾಳಿಕೋರ ಮುಂದಿನ ತಂಡಕ್ಕೆ ಬೋನುಗಳ ಸುದ್ದಿ ಒಯ್ದರೆ? ಬೇಗ ಅಗೆದಷ್ಟೂ ಸದ್ದು ಹೆಚ್ಚಾಗಿ ಶತ್ರುವಿಗೆ ಕೇಳಿಸಿದರೆ? ಒಂದು ಸಲಕ್ಕೆ ಒಂದೇ ನಿಯಮ ಸೇರಿಸಿ, ಹತ್ತು ಸಲ ಆಡಿ, ಬರೆದಿಡಿ. ಹತ್ತು ಸಲವೂ ಎಲ್ಲರೂ ಒಂದೇ ದಾರಿ ಹಿಡಿದರೆ ನಿಯಮ ಸತ್ತಿದೆ ಎಂದರ್ಥ; ತಿದ್ದಿ.

ತಂದೆತಾಯಂದಿರಿಗೂ ಒಂದು ಮಾತು. ನಿಯಮಗಳಲ್ಲಿ ಇನ್ನೊಂದು ಜಾತಿಯೂ ಇದೆ. ಇದೇ ಆಟ 2014ರಲ್ಲಿ ಮೊಬೈಲಿಗೆ ಬಂದಾಗ ಕೆಲವು ಬಂಡೆ ಅಗೆಯಲು ಗಂಟೆಗಟ್ಟಲೆ ಕಾಯಬೇಕಿತ್ತು; ಬೇಗ ಆಗಬೇಕಾದರೆ ದುಡ್ಡು ತೆರಬೇಕಿತ್ತು. ಅದನ್ನು 'ಉಚಿತ' ಎಂದು ಸಾರಿದ ಜಾಹೀರಾತು ದಾರಿ ತಪ್ಪಿಸುವಂಥದ್ದೆಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಅದೇ ವರ್ಷ ತೀರ್ಪಿತ್ತಿತು. ಮಗು ಆಡುವ ಆಟ ಬುದ್ಧಿಯನ್ನು ಕೇಳುತ್ತಿದೆಯೋ, ಜೇಬನ್ನು ಕೇಳುತ್ತಿದೆಯೋ ಎಂದು ಪಕ್ಕದಲ್ಲಿ ಕುಳಿತು ನೋಡಿದರೆ ತಿಳಿಯುತ್ತದೆ.

ಆ ತಾಯಿ ಪೂರ್ತಿ ಒಪ್ಪಿದರೆಂದು ಹೇಳಲಾರೆ. ಪರೀಕ್ಷೆ ಮುಗಿಯುವವರೆಗೆ ಕಂಪ್ಯೂಟರಿಗೆ ಬೀಗ. ಭಾನುವಾರ ಅರ್ಧ ಗಂಟೆ ಮಾತ್ರ ಹುಣಸೆ ಬೀಜಕ್ಕೆ ಅನುಮತಿ, ಅದೂ ಗಣಿತದ ನೋಟ್‌ಬುಕ್ ಬಿಟ್ಟು ಬೇರೆ ಪುಸ್ತಕದಲ್ಲಿ. ಹೊರಡುವಾಗ ಬಾಗಿಲಲ್ಲಿ ನಿಂತು ಮಗನನ್ನು ಕೇಳಿದರು: 'ಅಲ್ಲ ಕಣೋ, ಎರಡೂ ಕಡೆ ಪಂಜು ಹಚ್ಚಿಬಿಟ್ಟರೆ?'