'ಎಲ್ಲಿದ್ದೀಯಾ?' ಎಂದು ಕೇಳುವ ಮುನ್ನ

ಮೊನ್ನೆ ಗೋರೆಗಾಂವ್‌ನಿಂದ ಅಂಧೇರಿಗೆ ರಿಕ್ಷಾದಲ್ಲಿ ಬರುತ್ತಿದ್ದೆ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಚಾಲಕನ ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದರಲ್ಲಿ ಮೊಬೈಲ್! "ಭೈಯಾ, ಫೋನ್ ರಖೋ" ಎಂದೆ. "ಘರ್ ಸೇ ಹೈ, ಸಾಬ್" ಎಂದ. ನನ್ನ ಬಾಯಿ ಕಟ್ಟಿತು. ಮಗ ಆಫೀಸಿನಿಂದ ಬೈಕ್ ಹತ್ತಿದ ಕೂಡಲೇ 'ಎಲ್ಲಿದ್ದೀಯಾ?' ಎಂದು ಫೋನ್ ಮಾಡುವವರು ನಾವೇ ತಾನೆ?

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಮೊಬೈಲ್ ನೋಡಿದರೆ ಗಾಡಿ 50 ಮೀಟರ್ ಕಣ್ಣುಮುಚ್ಚಿ ಓಡಿದಂತೆ. ನಮ್ಮ ಲೋಕಲ್ ರೈಲಿನ ಎರಡು ಡಬ್ಬಿಗಿಂತ ಉದ್ದ! ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಕೈಗೆ ಬಿಡುವು ಸಿಗುತ್ತದೆ, ಮನಸ್ಸಿಗಲ್ಲ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನ ಪ್ರಕಾರ ಫೋನ್ ಕೈಯಲ್ಲಿ ಹಿಡಿದು ಓಡಿಸುವುದೂ ಅಪಾಯಕಾರಿ ಚಾಲನೆಯೇ. ಮೊದಲ ಸಲವೇ 5,000 ರೂ.ವರೆಗೆ ದಂಡ, ಜೈಲೂ ಆಗಬಹುದು. ಆದರೆ ಎಲ್ಲ ಸಿಗ್ನಲ್ಲಿನಲ್ಲೂ ಪೊಲೀಸರು ಇರುವುದಿಲ್ಲವಲ್ಲ...

ಹಾಗಾಗಿ ನಮ್ಮ ಮನೆಯಲ್ಲಿ ಈಗೊಂದು ನಿಯಮ. ಫೋನ್ ಎತ್ತಿದವರನ್ನು ಮೊದಲು "ಗಾಡಿ ಓಡಿಸ್ತಾ ಇದ್ದೀಯಾ?" ಎಂದು ಕೇಳುವುದು. ಹೌದೆಂದರೆ ಇಟ್ಟುಬಿಡುವುದು. ಊರಿನಿಂದ ಅಮ್ಮ ಮಾಡಿದರೂ ಅಷ್ಟೇ. ಮಗ ಉತ್ತರ ಕೊಡದಿದ್ದರೂ ಪರವಾಗಿಲ್ಲ, ಮನೆಗೆ ಬಂದು ಬಾಗಿಲು ತಟ್ಟಲಿ. ನೀವೂ ಹೀಗೆ ಮಾಡಿ ನೋಡಿ.